ಕಮಿಷನರ್ ಬಂಗಲೆಯ ಎರಡನೆಯ ಸಮಾಧಿ

ಟಿಕೆಟ್ ಕೊಟ್ಟು ಒಳಗೆ ಕಾಲಿಟ್ಟದ್ದೇ ತಡ, ಜೇನುಮೇಣದ ವಾಸನೆ ಮೂಗಿಗೆ ಬಡಿಯಿತು. ಮೇಣವನ್ನು ಕರಗಿಸಿ, ಅದಕ್ಕೆ ಒಂದಿಷ್ಟು ಸೀಮೆಎಣ್ಣೆ ಬೆರೆಸಿ, ತೆಂಗಿನ ಸಿಪ್ಪೆಯಿಂದ ಮರದ ನೆಲಕ್ಕೆ ತಿಕ್ಕಿದರೆ ಬರುವ ವಾಸನೆ ಅದು. ಇಪ್ಪತ್ತು ವರ್ಷದ ಹಿಂದೆ ಮೂರು ತಿಂಗಳು ಈ ವಾಸನೆಯಲ್ಲೇ ಎದ್ದು, ಈ ವಾಸನೆಯಲ್ಲೇ ಮಲಗಿದವಳು ನಾನು. ಕಾಲು ಮುಂದಕ್ಕೆ ಬರಲಿಲ್ಲ. ಹಿಂದಿದ್ದ ಯಾರೋ "ಸ್ವಲ್ಪ ಮುಂದೆ ಹೋಗಿ ಮೇಡಂ, ದಾರಿ ಬಿಡಿ" ಎಂದು ಗೊಣಗಿದರು.

ಈ ಭಾನುವಾರ ಮೂರ್ನಾಡಿನಲ್ಲಿ ಒಂದು ಮದುವೆ. ಒಂದು ಗಂಟೆಗೆಲ್ಲ ಊಟ ಮುಗಿಯಿತು. ಶನಿವಾರಸಂತೆ ಕಡೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಡಿಕೇರಿಗೆ ಬಿಡಲು ಒಪ್ಪಿದ ಆಟೋದವನು ದಾರಿಯಲ್ಲಿ, "ದೊರೆ ಬಂಗಲೆ ನೋಡಿದ್ದೀರಾ ಮೇಡಂ? ಈಗ ಮ್ಯೂಸಿಯಂ ಆಗಿದೆ, ದೆವ್ವ ಇದೆಯಂತೆ, ಭಾನುವಾರ ರಶ್ಶೋ ರಶ್ಶು" ಎಂದ. ನೋಡಿಲ್ಲ ಎಂದುಬಿಟ್ಟೆ. ಹಾಗೆ ಹೇಳಿದ್ದು ನನಗೇ ಆಶ್ಚರ್ಯ. ಅವನು ಗಾಡಿಯನ್ನು ಎಡಕ್ಕೆ ತಿರುಗಿಸಿ ಗುಡ್ಡ ಹತ್ತಿಸಿಯೇಬಿಟ್ಟ.

ನೇರವಾಗಿ ಹೇಳಿಬಿಡುತ್ತೇನೆ. ಈ ಬಂಗಲೆಯ ಸರ್ಕಾರಿ ಪಟ್ಟಿಯಲ್ಲಿ ನಾನು ಒಂದು ಸುಳ್ಳು ಬರೆದಿದ್ದೇನೆ. ನನ್ನ ನೌಕರಿಯಲ್ಲಿ ಬರೆದ ಒಂದೇ ಸುಳ್ಳು. ಒಬ್ಬ ತಾಯಿಗೆ ಒಳ್ಳೆಯದಾಗಲಿ ಎಂದೇ ಬರೆದೆ. ಆದರೆ ಬರೆದ ಮೇಲೆ, ಅವಳ ಮಗುವನ್ನು ಅವಳಿಂದ ಎರಡನೆಯ ಸಲ ಕಿತ್ತುಕೊಂಡೆನೇನೋ ಎಂಬ ಭಯ ಹತ್ತಿತು. ಅದು ಹೌದೋ ಅಲ್ಲವೋ ಎಂದು ಬಂದು ಕೇಳುವ ಧೈರ್ಯ ಇಪ್ಪತ್ತು ವರ್ಷ ನನಗಿರಲಿಲ್ಲ.

ಆಗ ನನಗೆ ಇಪ್ಪತ್ತೊಂಬತ್ತು. ಮದುವೆಯಾಗಿರಲಿಲ್ಲ, ನಾಲಿಗೆ ಮಾತ್ರ ಬಹಳ ಚುರುಕು. ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆ. ಇಂಗ್ಲಿಷರ ಕಾಲದಲ್ಲಿ ಕೊಡಗನ್ನು ಆಳುತ್ತಿದ್ದ ಕಮಿಷನರ್ ದೊರೆ ಇರುತ್ತಿದ್ದ ಬಂಗಲೆಯನ್ನು ಮ್ಯೂಸಿಯಂ ಮಾಡುತ್ತಾರೆಂದು ಆದೇಶ ಬಂತು. ಅದಕ್ಕೆ ಮೊದಲು ಅಲ್ಲಿರುವುದನ್ನೆಲ್ಲ, ಕುರ್ಚಿಯಿಂದ ಹಿಡಿದು ಬಾಗಿಲ ಚಿಲಕದವರೆಗೆ, ಪಟ್ಟಿ ಮಾಡಬೇಕು. ಗಂಡಸರು ಯಾರೂ ಹೋಗಲು ತಯಾರಿರಲಿಲ್ಲ. ಒಬ್ಬರಿಗೆ ಮಂಡಿ ನೋವು, ಇನ್ನೊಬ್ಬರಿಗೆ ಹೆಂಡತಿಯ ಬಾಣಂತನ. ನಿಜವಾದ ಕಾರಣ ದೆವ್ವ ಎಂದು ಎಲ್ಲರಿಗೂ ಗೊತ್ತಿತ್ತು. "ನಾನ್ ಹೋಯ್ತೀನಿ ಕಣ್ರೀ, ದೆವ್ವದ ಸೀರಿಯಲ್ ನಂಬರೂ ಬರ್ಕೊಂಡು ಬತ್ತೀನಿ" ಎಂದೆ. ಎಲ್ಲರೂ ನಕ್ಕರು. ಜನವರಿಯಲ್ಲಿ, ತೋಟಗಳಲ್ಲಿ ಕಾಫಿ ಕುಯ್ಲು ಮುಗಿಯುತ್ತಾ ಬಂದಾಗ, ಒಂದು ಟ್ರಂಕು ಹಿಡಿದು ಗುಡ್ಡ ಹತ್ತಿದೆ.

ಬಂಗಲೆಯನ್ನು ನೋಡಿಕೊಳ್ಳುತ್ತಿದ್ದವರು ಕುಶಾಲಪ್ಪ ಮತ್ತು ಅವರ ಹೆಂಡತಿ ದೇವಕ್ಕಿ. ಅರೆಭಾಷೆಯ ಗೌಡ ಜನ, ಭಾಗಮಂಡಲದ ಕಡೆಯವರು. ಕುಶಾಲಪ್ಪನವರ ಅಜ್ಜನಿಂದಲೂ ಆ ಮನೆಯವರೇ ಬಂಗಲೆಯ ಚಾಕರಿ. ಆದರೂ ಅವರದು ದಿನಗೂಲಿ. ಯಾವ ದಿನ ಬೇಕಾದರೂ ಹೋಗು ಎನ್ನಬಹುದಾದ ಕೆಲಸ. ಹಿಂದಿನ ಔಟ್‌ಹೌಸಿನಲ್ಲಿ ಇಬ್ಬರೇ ಇದ್ದರು. ಮಕ್ಕಳಿಲ್ಲ ಎಂದುಕೊಂಡೆ. ಯಾರೂ ಹಾಗೆ ಹೇಳಿರಲಿಲ್ಲ, ನಾನೇ ಅಂದುಕೊಂಡೆ.

ನನಗೆ ಕೊಟ್ಟದ್ದು ಹಿಂದೆ ಆಯಾ ಇರುತ್ತಿದ್ದ ಸಣ್ಣ ಕೋಣೆ. ಬೆಳಿಗ್ಗೆ ಎಂಟಕ್ಕೆ ದೇವಕ್ಕಿಯಕ್ಕ ಕಾಫಿ, ಅಕ್ಕಿರೊಟ್ಟಿ ಕೊಡುತ್ತಿದ್ದರು. ತಿಂದು ಪೆನ್ನು ಹಿಡಿದರೆ ಸಂಜೆಯವರೆಗೂ ಪಟ್ಟಿ. ಕುಶಾಲಪ್ಪನವರು ಮೇಜು ಮಗುಚಿ ಹಾಕುವರು, ನಾನು ಅದರ ತಳಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆಯುವೆ. ಎಂಥೆಂಥ ಸಾಮಾನು! ದೊರೆ ಸ್ನಾನ ಮಾಡುತ್ತಿದ್ದ ತೊಟ್ಟಿಯಲ್ಲಿ ಭತ್ತದ ಬೀಜ ಒಣಗಿಸಿ ಇಟ್ಟಿದ್ದರು. ಪಿಯಾನೋದೊಳಗೆ ಬೆಕ್ಕು ಮರಿ ಹಾಕಿತ್ತು. ಹಳೆಯ ರಿಜಿಸ್ಟರಿನಲ್ಲಿದ್ದ ಗೋಡೆ ಗಡಿಯಾರ ಎಲ್ಲೂ ಸಿಗಲಿಲ್ಲ. ವಾರಕ್ಕೊಮ್ಮೆ ಜೀಪಿನಲ್ಲಿ ಬರುತ್ತಿದ್ದ ಇಂಜಿನಿಯರ್ ಸಾಹೇಬರು, "ಇದೆ ಅಂತ ಬರೆದುಬಿಡಿ ಗಿರಿಜಾ, ಆಮೇಲೆ ಯಾವುದಾದರೂ ತಂದು ತೂಗುಹಾಕೋಣ" ಎಂದರು. "ಇಲ್ಲದ್ದನ್ನ ಇದೆ ಅಂತ ನಾನು ಬರೆಯಲ್ಲ ಸಾರ್. ಬೇಕಾದ್ರೆ ನೀವೇ ಬರೆದು ಸೈನ್ ಹಾಕಿ" ಎಂದೆ. ಸಾಹೇಬರ ಮುಖ ಕೆಂಪಾಯಿತು. ಆದರೆ ಅಂದಿನಿಂದ ನಾನು ಬರೆದದ್ದನ್ನು ಅವರು ಮರುಮಾತಿಲ್ಲದೆ ನಂಬುತ್ತಿದ್ದರು. ಆ ನಂಬಿಕೆಯ ಮೇಲೇ ಮುಂದೆ ನನ್ನ ಸುಳ್ಳು ನಿಂತಿತು.

ದಿನವೂ ಸಂಜೆ ಐದರ ಹೊತ್ತಿಗೆ ಮಹಡಿಯ ಹಲಗೆಗಳು ಕಿರುಗುಡುತ್ತಿದ್ದವು. ಪಡುವಣ ಕೋಣೆಯಲ್ಲಿ ಶುರುವಾಗಿ, ಒಂದೊಂದೇ ಹಲಗೆಯಾಗಿ, ಮಕ್ಕಳ ಕೋಣೆಯ ಬಾಗಿಲವರೆಗೆ ಬಂದು ನಿಲ್ಲುತ್ತಿತ್ತು. ಬಿಸಿಲು ಇಳಿದಂತೆ ಮರ ತಣ್ಣಗಾಗುತ್ತದೆ, ಅದಕ್ಕೆ ಸದ್ದು ಎಂದು ನಾನು. ದೇವಕ್ಕಿಯಕ್ಕ ಮಾತ್ರ ಕೆಳಗೆ ಮೊರದಲ್ಲಿ ಅಕ್ಕಿ ಕೇರುತ್ತಾ, ಮೇಲಕ್ಕೆ ಒಮ್ಮೆ ನೋಡಿ, "ಕೂಸು ನಡೀತಾ ಉಟ್ಟು" ಎನ್ನುತ್ತಿದ್ದರು. ಇದೆ ಅನ್ನುವುದಕ್ಕೆ ಅವರ ಮಾತಿನಲ್ಲಿ ಉಟ್ಟು.

ಕೂಸು ಎಂದರೆ ಈಡಿತ್. ಮಕ್ಕಳ ಕೋಣೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಅಡ್ಡಗೆರೆಗಳಿದ್ದವು, ಮಗು ಎಷ್ಟು ಎತ್ತರ ಬೆಳೆಯಿತೆಂದು ಹಾಕಿದ ಗುರುತು. ನನ್ನ ಸೊಂಟಕ್ಕಿಂತ ಸ್ವಲ್ಪ ಮೇಲೆ ಗೆರೆ ನಿಂತುಹೋಗಿತ್ತು. ಹಿತ್ತಿಲಿನಲ್ಲಿ, ಕಿತ್ತಳೆ ಗಿಡಗಳ ಆಚೆ, ಪಾಚಿ ಹಿಡಿದ ಒಂದು ಸಣ್ಣ ಕಲ್ಲು. ಅದರ ಮೇಲೆ ಇಂಗ್ಲಿಷಿನಲ್ಲಿ ಈಡಿತ್ ಎಂಬ ಹೆಸರು, ವಯಸ್ಸು ನಾಲ್ಕು. ಏನು ಜ್ವರವೋ ಏನೋ, ದೊರೆಯ ಮಗಳನ್ನು ಅಲ್ಲೇ ಹೂತು, ಮಾರನೆಯ ವರ್ಷ ದೊರೆಸಾನಿ ಹಡಗು ಹತ್ತಿ ಹೋದಳಂತೆ. ಹೋಗುವಾಗ ಕುಶಾಲಪ್ಪನವರ ಅಜ್ಜಿಯ ಕೈ ಹಿಡಿದು, ಮಗುವಿಗೆ ಭಾನುವಾರ ಏನಾದರೂ ಕೊಡಿ ಎಂದು ಅತ್ತಳಂತೆ. ಅಂದಿನಿಂದ ಆ ಮನೆಯ ಹೆಂಗಸರು ಭಾನುವಾರ ಮಧ್ಯಾಹ್ನ ಅಲ್ಲಿ ಎಡೆ ಇಡುತ್ತಾರೆ. ತಮ್ಮ ಹಿರಿಯರಿಗೆ ಇಡುವ ಹಾಗೆಯೇ, ಎಲೆ ಹಾಕಿ, ಹೆಸರು ಹಿಡಿದು ಕರೆದು. ಆದರೆ ಎಲೆಯ ಮೇಲೆ ಬ್ರೆಡ್ಡು ಮತ್ತು ಬೇಯಿಸಿದ ಮೊಟ್ಟೆ.

ಮೊದಲ ಭಾನುವಾರ ನನಗೆ ನಗು ತಡೆಯಲಾಗಲಿಲ್ಲ. "ಅಲ್ಲಾ ಅಕ್ಕ, ಮೊಟ್ಟೆಗೆ ಉಪ್ಪು ಖಾರ ಹಾಕಿದ್ದೀಯಾ? ಬಿಳಿ ಮಗೀಗೆ ಖಾರ ಆಗಲ್ವಂತೆ" ಎಂದೆ.

"ಉಪ್ಪು ಮಾತ್ರ ಮೇಡಂ" ಎಂದರು ಅವರು, ಗಂಭೀರವಾಗಿಯೇ. ಆಮೇಲೆ "ಈಡಿತ್ ಕೂಸೇ, ಬಾ, ಉಣ್ಣು" ಎಂದು ಮೂರು ಸಲ ಕರೆದರು. ಪಕ್ಕದಲ್ಲಿ ಇನ್ನೊಂದು ಸಣ್ಣ ಎಲೆ ಹಾಕಿ, ಅದರ ಮೇಲೊಂದು ದೊನ್ನೆಯಲ್ಲಿ ಎರಡು ಚಮಚ ಹಾಲು ಇಟ್ಟರು. ಅದನ್ನು ಇಡುವಾಗ ಯಾರನ್ನೂ ಕರೆಯಲಿಲ್ಲ.

"ಎರಡು ಎಲೆ ಯಾಕೆ? ದೊರೆ ಮಗಳು ಒಬ್ಬಳೇ ಅಲ್ವಾ?"

"ಮಕ್ಕಳು ಒಬ್ಬೊಬ್ಬರೇ ಉಣ್ಣುದಿಲ್ಲೆ ಮೇಡಂ. ಜೊತೆ ಬೇಕು."

ಹಾಲು ಬೆಕ್ಕಿಗಿರಬೇಕು ಎಂದುಕೊಂಡೆ. ಅಲ್ಲೇ ನಾಲ್ಕು ಮಾರು ದೂರದಲ್ಲಿ ಒಂದು ಕಲ್ಲುರಾಶಿ ಇತ್ತು. ಮೊಣಕಾಲೆತ್ತರ, ಮೇಲೆ ಒಣಮುಳ್ಳು ಹರಡಿತ್ತು. ನಾವು ಶನಿವಾರಸಂತೆ ಕಡೆಯ ಲಿಂಗಾಯತರು, ಸತ್ತವರನ್ನು ಮಣ್ಣು ಮಾಡುವವರು. ಎಳೆಮಗು ಹೋದರೆ ನರಿ ಕೆದಕದಿರಲಿ ಎಂದು ಮೇಲೆ ಕಲ್ಲು ಪೇರಿಸಿ ಮುಳ್ಳು ಮುಚ್ಚುತ್ತಾರೆಂದು ನನಗೆ ಗೊತ್ತಿಲ್ಲವೇ? ನಮ್ಮ ಹೊಲದ ಬದುವಿನಲ್ಲಿ ಅಂಥದ್ದೊಂದು ಕಂಡಿದ್ದರೆ ಕತ್ತಲಲ್ಲೂ ಕಾಲು ಪಕ್ಕಕ್ಕಿಟ್ಟು ದಾಟುತ್ತಿದ್ದೆ. ಆದರೆ ಇದು ದೊರೆಯ ತೋಟ. ದೊರೆಯ ತೋಟದಲ್ಲಿ ಸಮಾಧಿ ಎಂದರೆ ಕೆತ್ತಿದ ಕಲ್ಲು, ಇಂಗ್ಲಿಷ್ ಅಕ್ಷರ. ಮಿಕ್ಕದ್ದೆಲ್ಲ ಬರೀ ಕಲ್ಲು. ಹೊರಗಿನ ಸಾಮಾನುಗಳ ಪಟ್ಟಿಯಲ್ಲಿ ದುಂಡಗೆ ಬರೆದೆ: ಕಲ್ಲುರಾಶಿ ಒಂದು, ಕಟ್ಟಡ ಕೆಲಸಕ್ಕೆ ಬಳಸಬಹುದು.

ಮಾರ್ಚ್ ಮೊದಲ ವಾರ ಹೂಮಳೆ ಬಂತು. ಮಳೆ ಬಂದ ಹತ್ತು ದಿನಕ್ಕೆ ಸುತ್ತಲಿನ ತೋಟಗಳೆಲ್ಲ ಹೂಬಿಟ್ಟು ಗುಡ್ಡದ ಕೆಳಗೆ ಎಲ್ಲಿ ನೋಡಿದರೂ ಬೆಳ್ಳಗಾಯಿತು. ಆ ಘಮ ಕಿಟಕಿ ಹಾಕಿದರೂ ಒಳಗೆ ಬರುತ್ತಿತ್ತು, ತಲೆ ನೋಯುವಷ್ಟು. ಇಂಜಿನಿಯರ್ ಸಾಹೇಬರು ಬಂದು ಹಿತ್ತಿಲನ್ನೆಲ್ಲ ಓಡಾಡಿ, "ಈ ಬೇಬಿ ಸಮಾಧಿ ಸುತ್ತ ಒಂದು ಕಟ್ಟೆ ಕಟ್ಟಿಸಬೇಕು. ಉಳಿದದ್ದೆಲ್ಲ ಸಮತಟ್ಟು ಮಾಡಿ, ಕಾರು ನಿಲ್ಲೋಕೆ ಜಾಗ" ಎಂದರು. ಕಟ್ಟೆಗೆ ಕಲ್ಲು ಎಲ್ಲಿಂದ ತರೋದು ಎಂದು ನೆಲ್ಯಹುದಿಕೇರಿಯ ಹಂಸ ಮೇಸ್ತ್ರಿ ತಲೆ ಕೆರೆದುಕೊಂಡ. ನಾನೇ ಮುಂದೆ ಬಿದ್ದು, "ಅಯ್ಯೋ, ಇಲ್ಲೇ ಬಿದ್ದಿದೆಯಲ್ಲ ರಾಶಿ. ಅದನ್ನೇ ಹಾಕಿ" ಎಂದೆ. ಸಾಹೇಬರು ಭೇಷ್ ಎಂದರು. ನನಗೂ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮಾರನೆಯ ದಿನ ಹನ್ನೊಂದು ಗಂಟೆಗೆ ನಾನು ಮಹಡಿಯಲ್ಲಿ ಪರದೆಗಳನ್ನು ಎಣಿಸುತ್ತಿದ್ದೆ. ಕೆಳಗಿನಿಂದ ಹಂಸ ಮೇಸ್ತ್ರಿ ಕೂಗಿದ. "ಮೇಡಂ! ಒಮ್ಮೆ ಬನ್ನಿ! ಕಲ್ಲು ತೆಗಿಯೋದಾ ಬೇಡ್ವಾ, ಒಂದು ಹೇಳಿ!"

ಹೋಗಿ ನೋಡಿದರೆ ಅರ್ಧ ರಾಶಿ ಆಗಲೇ ಖಾಲಿ. ಆ ಕಲ್ಲುಗಳು ಈಡಿತ್ ಸಮಾಧಿಯ ಸುತ್ತ ಒಂದು ವರಸೆ ಆಗಿ ಕೂತಿದ್ದವು. ಉಳಿದ ಅರ್ಧದ ಮೇಲೆ ದೇವಕ್ಕಿಯಕ್ಕ ಕೂತಿದ್ದರು. ಕೈಯೆಲ್ಲ ಅಕ್ಕಿಹಿಟ್ಟು. ಒಲೆ ಬಿಟ್ಟು ಓಡಿಬಂದಿದ್ದರು. ಮುಳ್ಳು ಚುಚ್ಚಿ ಕಾಲಲ್ಲಿ ರಕ್ತ ಬರುತ್ತಿತ್ತು.

"ಏಳಕ್ಕ, ಏನಿದು ಹುಡುಗಾಟ? ಕೆಲ್ಸದೋರು ಕಾಯ್ತಾ ಅವ್ರೆ."

"ಈ ಕಲ್ಲು ತೆಗೀಬೇಡಿ."

"ಯಾಕೆ? ದೊರೆ ನಿಧಿ ಹೂತಿಟ್ಟವ್ನಾ ಇಲ್ಲಿ?"

ಕೆಲಸದವರು ಕಿಸಕ್ಕನೆ ನಕ್ಕರು. ನಾನೂ ನಕ್ಕೆ. ಆ ನಗೆಯನ್ನು ನೆನೆದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅವರು ತಲೆ ಎತ್ತಿ ನನ್ನನ್ನು ನೋಡಿದರು.

"ನಿಧಿ ಇಲ್ಲೆ ಮೇಡಂ. ನನ್ನ ಕೂಸು ಉಟ್ಟು."

ಹಂಸ ಮೇಸ್ತ್ರಿ ಕೈಯಲ್ಲಿದ್ದ ಕಲ್ಲನ್ನು ಸದ್ದಾಗದ ಹಾಗೆ ಕೆಳಗಿಟ್ಟು, ತಲೆಯ ವಸ್ತ್ರ ಬಿಚ್ಚಿದ. ಬೇರೆ ಏನೂ ಕೇಳದೆ ತನ್ನವರನ್ನು ಕರೆದುಕೊಂಡು ಗೇಟಿನ ಹತ್ತಿರ ಹೋಗಿ ನಿಂತ. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಮೇಲೆ ಕುಶಾಲಪ್ಪನವರು ಹೇಳಿದರು. ಹನ್ನೊಂದು ವರ್ಷದ ಹಿಂದಿನ ಕಕ್ಕಡ ಮಾಸ, ಮಳೆ ಬಿಡದೆ ಸುರಿಯುವ ಕಾಲ. ಮಗು ಹುಟ್ಟಿ ಒಂಬತ್ತು ದಿನ. ಹನ್ನೆರಡನೆಯ ದಿನಕ್ಕೆ ಹೆಸರಿಡುವುದೆಂದು ಮಗುವಿನ ಸೋದರತ್ತೆಯಾದ ಕುಶಾಲಪ್ಪನವರ ಅಕ್ಕನಿಗೆ ಹೇಳಿಕಳಿಸಿದ್ದರು. ಒಂಬತ್ತನೆಯ ಬೆಳಿಗ್ಗೆ ಮಗು ಹಾಲು ಎಳೆಯಲಿಲ್ಲ. ಹೊಳೆ ತುಂಬಿ ರಸ್ತೆ ಮುಚ್ಚಿತ್ತು, ಆಸ್ಪತ್ರೆಗೂ ಹೋಗಲಾಗಲಿಲ್ಲ, ಮಗು ಹೋದ ಮೇಲೆ ಊರ ಮಸಣಕ್ಕೆ ಒಯ್ಯಲೂ ಆಗಲಿಲ್ಲ. ಒಂಟಿಯಾಗಿ ಎಲ್ಲಿ ಬಿಡುವುದು ಎಂದು ದೇವಕ್ಕಿ ಅತ್ತದ್ದಕ್ಕೆ, ಈಡಿತ್ ಪಕ್ಕದಲ್ಲಿ ತಾವೇ ಗುಂಡಿ ತೋಡಿದರು. ಸರ್ಕಾರದ ಜಾಗದಲ್ಲಿ ಹೂತದ್ದು ತಿಳಿದರೆ ಕೆಲಸವೂ ಹೋದೀತು, ಮಗುವನ್ನೂ ಅಗೆದು ತೆಗೆಸಿಯಾರು ಎಂದು ಯಾರಿಗೂ ಹೇಳಲಿಲ್ಲ. ಆಮೇಲೆ ಮಕ್ಕಳಾಗಲಿಲ್ಲ.

"ಎಡೆ ಇಟ್ಟರೆ ಹೆಸರು ಹೇಳಿ ಕರೀಬೇಕಲ್ಲ ಮೇಡಂ" ಎಂದರು ದೇವಕ್ಕಿಯಕ್ಕ. "ಇವಳಿಗೆ ಹೆಸರೇ ಇಟ್ಟಿಲ್ಲೆ. ಎಂತ ಹೇಳಿ ಕರೆಯುದು? ಅದಕ್ಕೆ ಈಡಿತನ್ನ ಕರೀತೇನೆ. ಅವಳು ಬರುವಾಗ ಇವಳ ಕೈ ಹಿಡಿದು ಕರಕೊಂಡು ಬಂದಾಳು ಅಂತ."

ನಾನು ಪಟ್ಟಿಯಲ್ಲಿ ಕಲ್ಲುರಾಶಿ ಎಂದು ಬರೆದಿದ್ದ ಹಾಳೆಯನ್ನು ತೆರೆದೆ.

"ಬರೀಬೇಡಿ ಮೇಡಂ. ನಿಮ್ಮ ಕಾಲು ಹಿಡೀತೇನೆ" ಎಂದರು ಕುಶಾಲಪ್ಪ. ನನಗಿಂತ ಎಷ್ಟೋ ದೊಡ್ಡವರು, ನಿಜವಾಗಿ ಬಗ್ಗಿದರು. ಬರೆಯದಿದ್ದರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ಪಟ್ಟಿಯಲ್ಲಿಲ್ಲದ ಜಾಗ ಕಾರು ನಿಲ್ಲಿಸುವ ಜಾಗ. ನಿಜ ಬರೆದರೆ ಇವರ ಮನೆ ಹೋಗುತ್ತದೆ, ಮಗುವೂ ಹೋಗುತ್ತದೆ. ಕಟ್ಟೆಯ ಕೆಲಸ ನೋಡಲು ಸಾಹೇಬರು ಮತ್ತೆ ಬರಲು ಎರಡು ದಿನವಿತ್ತು. ಆ ಎರಡು ದಿನವೂ ಸಂಜೆ ಐದಕ್ಕೆ ಮಹಡಿಯ ಹಲಗೆಗಳು ಕಿರುಗುಟ್ಟಿದವು. ಮರ ತಣ್ಣಗಾಗುತ್ತಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಈ ಸಲ ಹೆಜ್ಜೆಗಳು ಎರಡು ಬಗೆಯಾಗಿ ಕೇಳಿದವು, ಒಂದು ನಡೆಯುವುದು, ಇನ್ನೊಂದು ನೆಲದ ಮೇಲೆ ತೆವಳುವುದು. ಹೆದರಿದೆ, ಸುಳ್ಳು ಹೇಳುವುದಿಲ್ಲ. ಕೆಳಗಿಳಿದು ಹೋಗಿ ದೇವಕ್ಕಿಯಕ್ಕನ ಒಲೆಯ ಮುಂದೆ ಕೂತೆ. ಅವರು ಏನೂ ಕೇಳದೆ ಕಾಫಿ ಕೊಟ್ಟರು.

ಸಾಹೇಬರು ಬಂದರು. ಅಷ್ಟರಲ್ಲಿ ನಾನು ಹೊರಗಿನ ಪಟ್ಟಿಯ ಆ ಹಾಳೆಯನ್ನು ಹರಿದು ಬೇರೆ ಬರೆದಿದ್ದೆ: ಮಕ್ಕಳ ಸಮಾಧಿ ಎರಡು.

"ಎರಡಾ? ಒಂದೇ ಅಲ್ವಾ ಇದ್ದದ್ದು?"

"ಎರಡು ಸಾರ್. ಆ ಕಲ್ಲುರಾಶಿ ಅಂತ ನಾನು ತಪ್ಪಾಗಿ ಬರ್ದಿದ್ದೆ. ಅದೂ ದೊರೆ ಮಗೂನೇ. ಈಡಿತ್ ತಂಗಿ. ಒಂಬತ್ತು ದಿನದ ಕೂಸು. ಹೆಸರಿನ ಕಲ್ಲು ಒಡೆದುಹೋಗಿದೆ ಅಂತ ಇವರ ಮನೆಯವರು ಹೇಳ್ತಾರೆ."

"ಹೆಸರು?"

ಹೆಸರನ್ನು ನಾನು ಯೋಚಿಸಿಯೇ ಇರಲಿಲ್ಲ! ಪಟ್ಟಿಯಲ್ಲಿ ಒಂದು ಚಿಲಕ ಬಿಡದವಳು ಅದನ್ನು ಮರೆತಿದ್ದೆ. ಇಂಗ್ಲಿಷ್ ಹೆಣ್ಣು ಹೆಸರು ಎಂದು ತಲೆಯೆಲ್ಲ ತಡಕಿದೆ. ನಮ್ಮೂರ ಆಸ್ಪತ್ರೆಯಲ್ಲಿ ಚಿಕ್ಕಂದಿನಲ್ಲಿ ನನಗೆ ಸೂಜಿ ಚುಚ್ಚುತ್ತಿದ್ದ ನರ್ಸಮ್ಮನ ಹೆಸರು ಬಾಯಿಗೆ ಬಂತು.

"ಡೈಸಿ ಸಾರ್."

"ಡೈಸಿ" ಎಂದು ಸಾಹೇಬರು ಖುಷಿಯಾಗಿ ಬರೆದುಕೊಂಡರು. "ಅಕ್ಕ ತಂಗಿ! ಟೂರಿಸ್ಟರಿಗೆ ತುಂಬಾ ಚೆನ್ನಾಗಿರ್ತದೆ ಕಣ್ರೀ. ಕಟ್ಟೆ ದೊಡ್ಡದು ಮಾಡಿಸಿ ಇಬ್ಬರನ್ನೂ ಒಳಗೆ ಸೇರಿಸೋಣ. ಇವಳಿಗೂ ಒಂದು ಹೆಸರಿನ ಕಲ್ಲು ಕೆತ್ತಿಸೋಣ."

ಬಾಗಿಲಲ್ಲಿ ದೇವಕ್ಕಿಯಕ್ಕ ಕಾಫಿ ತಟ್ಟೆ ಹಿಡಿದು ನಿಂತಿದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ತಟ್ಟೆಯನ್ನು ಮೇಜಿನ ಮೇಲಿಟ್ಟರು. ನನ್ನ ಕಡೆ ನೋಡಲಿಲ್ಲ. ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡರು, ಚಿಲಕ ಬಿದ್ದ ಸದ್ದು ಕೇಳಿತು. ಸಂಜೆಯವರೆಗೂ ಆ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಅವರು ಏನೋ ತಗ್ಗಿದ ದನಿಯಲ್ಲಿ ಅನ್ನುತ್ತಿದ್ದದ್ದು ಕೇಳಿ, ಶಾಪ ಹಾಕುತ್ತಿದ್ದಾರೆ ಎಂದುಕೊಂಡೆ. ಹೆತ್ತ ಮಗುವನ್ನು ಯಾರದೋ ಮಗುವೆಂದು ಸರ್ಕಾರದ ಕಾಗದದಲ್ಲಿ ಬರೆದುಬಿಟ್ಟರೆ ಯಾವ ತಾಯಿ ಸಹಿಸುತ್ತಾಳೆ? ಇನ್ನು ಮುಂದೆ ಆ ಕಲ್ಲಿನ ಮುಂದೆ ಕೂತು ಅಳುವ ಹಕ್ಕೂ ಅವರಿಗಿಲ್ಲ.

ತಿಂಗಳ ಕೊನೆಗೆ ನನಗೆ ವರ್ಗವಾಯಿತು, ನಾನೇ ಕೇಳಿ ಮಾಡಿಸಿಕೊಂಡೆ. ಹೊರಡುವ ಬೆಳಿಗ್ಗೆ ಅವರು ಸಂತೆಗೆ ಹೋಗಿದ್ದ ಹೊತ್ತು ನೋಡಿ ಗುಡ್ಡ ಇಳಿದೆ. ಕಳ್ಳಿಯ ಹಾಗೆ. ಅಲ್ಲಿಂದಾಚೆ ಎಲ್ಲೆಲ್ಲೋ ಇದ್ದೆ, ಮದುವೆಯಾದೆ, ಎರಡು ಹೆತ್ತೆ. ಎರಡೂ ಬಾಣಂತನದಲ್ಲಿ ಒಂಬತ್ತನೆಯ ದಿನ ದಾಟುವವರೆಗೆ ನಾನು ಕಣ್ಣು ಮುಚ್ಚಲಿಲ್ಲ. ಯಾವ ಮನೆಗೆ ಬಾಡಿಗೆಗೆ ಹೋದರೂ ಸಂಜೆ ಐದಕ್ಕೆ ಕಿವಿ ನಿಮಿರುತ್ತಿತ್ತು. ಕಾಂಕ್ರೀಟು ನೆಲ ಸದ್ದು ಮಾಡುವುದಿಲ್ಲ ಎಂದು ಗೊತ್ತಿದ್ದರೂ ಕಾಯುತ್ತಿದ್ದೆ. ಗಂಡ, ಏನೇ ಅದು ಎಂದರೆ, ಏನಿಲ್ಲ ಎನ್ನುತ್ತಿದ್ದೆ.

ಈಗ ಬಂಗಲೆಯ ಒಳಗೆ ಹಗ್ಗ ಕಟ್ಟಿ, ಸಾಮಾನಿಗೆಲ್ಲ ಗಾಜು ಹಾಕಿದ್ದಾರೆ. ನಾನು ನಿಲ್ಲದೆ ನಡೆದು ಹಿತ್ತಿಲ ಬಾಗಿಲಿಂದ ಹೊರಬಿದ್ದೆ. ಕಟ್ಟೆಯ ಸುತ್ತ ಇಪ್ಪತ್ತು ಮೂವತ್ತು ಜನ. ಸಮವಸ್ತ್ರ ಹಾಕಿದ ಗೈಡು ಕೋಲು ತೋರಿಸುತ್ತಾ, "ಇವರು ಕಮಿಷನರ್ ದೊರೆಯ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಈಡಿತ್, ಚಿಕ್ಕವಳು ಡೈಸಿ. ಸಂಜೆ ಆದ್ರೆ ಇಬ್ಬರೂ ಕೈ ಹಿಡ್ಕೊಂಡು ಮಹಡಿ ಮೇಲೆ ಆಡ್ತಾರೆ. ಡೈಸಿಗೆ ನೀಲಿ ಕಣ್ಣು, ಬಂಗಾರದ ಕೂದಲು" ಎಂದು ಗಿಳಿಪಾಠ ಒಪ್ಪಿಸುತ್ತಿದ್ದ. ಯಾರೋ ಚಾಕೊಲೇಟು ಇಟ್ಟರು. ಒಬ್ಬಳು ಸೆಲ್ಫಿ ತೆಗೆದುಕೊಂಡಳು. ಬಂಗಾರದ ಕೂದಲಂತೆ! ನಾನು ಹೆದರಿದ್ದಕ್ಕಿಂತ ಹೆಚ್ಚೇ ಆಗಿತ್ತು.

ಗುಂಪು ಸರಿದ ಮೇಲೆ ಕಟ್ಟೆಯ ಆಚೆ ಒಬ್ಬ ಮುದುಕಿ ಕಂಡರು. ಬಿದ್ದ ಚಾಕೊಲೇಟು ಕಾಗದಗಳನ್ನು ಆರಿಸಿ ಚೀಲಕ್ಕೆ ಹಾಕುತ್ತಿದ್ದರು. ಬೆನ್ನು ಬಗ್ಗಿದೆ, ಕೂದಲು ಪೂರ್ತಿ ಬೆಳ್ಳಗೆ. ತಲೆ ಎತ್ತಿ ನೋಡಿದರು. ನನಗೂ ಐವತ್ತು ಹತ್ತಿರ, ಕನ್ನಡಕ ಬಂದಿದೆ, ದಪ್ಪಗಾಗಿದ್ದೇನೆ. ಒಂದು ಕ್ಷಣಕ್ಕೇ ಗುರುತು ಹಿಡಿದರು.

"ಗಿರಿಜಾ ಮೇಡಂ ಅಲ್ವಾ?"

ಹತ್ತಿರ ಹೋದೆ. ಕುಶಾಲಪ್ಪನವರು ತೀರಿಹೋಗಿ ಆರು ವರ್ಷವಾಯಿತಂತೆ. ನೆಲಕ್ಕೆ ಮೇಣ ತಿಕ್ಕುವುದು, ತೋಟ ಗುಡಿಸುವುದು ಎಲ್ಲ ಈಗ ಅವರದೇ. ಔಟ್‌ಹೌಸಿನಲ್ಲೇ ಇರಲು ಬಿಟ್ಟಿದ್ದಾರೆ.

"ತಪ್ಪು ಮಾಡ್ಬಿಟ್ಟೆ ಕಣಕ್ಕ. ನಿನ್ ಮಗೀನ ದೊರೆ ಮಗಳು ಮಾಡ್ಬಿಟ್ಟೆ. ನೋಡು, ಆ ಗೈಡು ಏನೇನ್ ಹೇಳ್ತಾವ್ನೆ, ನೀಲಿ ಕಣ್ಣಂತೆ, ಬಂಗಾರದ ಕೂದ್ಲಂತೆ. ನೀನು ಅವತ್ತು ಕೋಪ ಮಾಡ್ಕೊಂಡು ಬಾಗ್ಲು ಹಾಕ್ಕೊಂಡಿದ್ದು ಸರಿಯಾಗೇ ಇತ್ತು. ನನ್ನ ಮುಖಕ್ಕೆ ಉಗಿದಿದ್ರೂ ಸರಿಯಾಗೇ ಇರ್ತಿತ್ತು."

ಅವರು ಚೀಲ ಕೆಳಗಿಟ್ಟರು.

"ಎಂತ ಕೋಪ ಮೇಡಂ? ಯಾರಿಗೆ?"

"ಮತ್ತೆ ಸಂಜೆವರೆಗೂ ಒಳಗೆ..."

"ಕರೀತಾ ಇದ್ದೆ" ಎಂದರು. "ಹನ್ನೊಂದು ವರ್ಷ ಕರೀಲಿಕ್ಕೆ ಹೆಸರು ಇರ್ಲಿಲ್ಲೆ. ನೀವು ಹೇಳಿದ್ರಿ, ಡೈಸಿ ಅಂತ. ಯಾರಾದರೂ ಬಂದು ಅದೂ ತಪ್ಪು ಅಂದುಬಿಟ್ಟರೆ ಅಂತ ಹೆದರಿಕೆ ಆಯ್ತು. ಓಡಿಹೋಗಿ ಬಾಗಿಲು ಹಾಕಿ, ಒಲೆ ಮುಂದೆ ಕೂತು ಕರೆದೆ. ಡೈಸಿ, ಡೈಸಿ, ಡೈಸಿ ಅಂತ. ಎಷ್ಟು ಸಲ ಅಂತ ಲೆಕ್ಕ ಇಲ್ಲೆ. ಬಾಯಿ ಒಣಗುವವರೆಗೂ."

ಅವತ್ತು ನಾನು ಶಾಪ ಎಂದುಕೊಂಡದ್ದು ಅದನ್ನೇ.

"ಬಾಗಿಲು ತೆಗೆದು ನಿಮಗೆ ಹೇಳುವ ಅಂತ ಬಂದ್ರೆ ನೀವು ಮುಖ ತಪ್ಪಿಸ್ತಾ ಇದ್ರಿ. ದೊಡ್ಡವರು, ಸುಳ್ಳು ಬರೆದದ್ದಕ್ಕೆ ಬೇಜಾರಾಗಿರಬೇಕು ಅಂತ ಸುಮ್ಮನಾದೆ. ಆಮೇಲೆ ಸಂತೆಯಿಂದ ಬಂದು ನೋಡಿದ್ರೆ ನಿಮ್ಮ ಟ್ರಂಕೇ ಇಲ್ಲೆ." ಅವರ ದನಿಯಲ್ಲಿ ಮೊದಲ ಸಲ ಕೋಪ ಕೇಳಿಸಿತು. ಸಣ್ಣದಲ್ಲ, ಇಪ್ಪತ್ತು ವರ್ಷ ಇಟ್ಟುಕೊಂಡ ಕೋಪ. "ನಿಮ್ಮ ಕಡೆಯೂ ಹೆಸರಿಡುದು ಸೋದರತ್ತೆ ತಾನೆ?"

"ಹೌದಕ್ಕ."

"ಹೆಸರಿಟ್ಟ ಅತ್ತೆ ಇಪ್ಪತ್ತು ವರ್ಷ ಕೂಸಿನ ಮುಖ ನೋಡ್ಲಿಕ್ಕೆ ಬಾರದೆ ಇರುದಾ ಮೇಡಂ?"

ಮಧ್ಯಾಹ್ನ ಎಡೆ ಇಟ್ಟ ಎಲೆಗಳು ಇನ್ನೂ ಕಟ್ಟೆಯೊಳಗೇ ಇದ್ದವು, ಜನ ಇಟ್ಟ ಚಾಕೊಲೇಟುಗಳ ನಡುವೆ. ದೇವಕ್ಕಿಯಕ್ಕ ನನ್ನ ತೋಳು ಹಿಡಿದು ಡೈಸಿಯ ಕಲ್ಲಿನ ಮುಂದೆ ಕೂರಿಸಿದರು. ಮತ್ತೊಂದು ಗುಂಪು ಗೈಡಿನ ಹಿಂದೆ ಬರುತ್ತಿತ್ತು. ಬರಲಿ ಎಂದುಕೊಂಡೆ. ಹೆಸರಿಡುವಾಗ ಅತ್ತೆ ಮಗುವಿನ ಕಿವಿಯ ಹತ್ತಿರ ಬಾಯಿಟ್ಟು ಮೂರು ಸಲ ಹೇಳುತ್ತಾಳೆ. ಕಲ್ಲಿಗೆ ಕಿವಿ ಎಲ್ಲಿರುತ್ತದೋ ಗೊತ್ತಾಗಲಿಲ್ಲ. ಸುಮ್ಮನೆ ಬಗ್ಗಿ, ನೆಲಕ್ಕೆ ಬಾಯಿ ತಾಗುವಷ್ಟು ಬಗ್ಗಿ, ಡೈಸಿ ಎಂದೆ. ಎರಡನೆಯ ಸಲ ದನಿ ಒಡೆಯಿತು. ಮೂರನೆಯದನ್ನು ನನ್ನ ಜೊತೆ ದೇವಕ್ಕಿಯಕ್ಕನೂ ಹೇಳಿದರು.

"ಬಾ ಕೂಸೇ" ಎಂದರು ಅವರು. "ನಿನ್ನ ಅತ್ತೆ ಬಂದವೆ."